ಹೆಬ್ಬಾತಿನ ವೇಳೆಗೆ ನೆಂಟರನ್ನು ಎಬ್ಬಿಸುವುದು

ಚಳಿಗಾಲದಲ್ಲಿ ಹೆಬ್ಬಾತು ನೋಡಲು ನಿಮ್ಮೂರಿಗೆ ಬರ್ತೀವಿ ಎಂದು ನೆಂಟರು ಫೋನ್ ಮಾಡಿದರೆ ನಾನು ಕೇಳುವುದು ಒಂದೇ: ರಾತ್ರಿ ವಸ್ತಿ ಇರ್ತೀರೋ ಇಲ್ಲವೋ? ಮಧ್ಯಾಹ್ನ ಬಂದು, ಕೆರೆ ನೋಡಿ, ಸಂಜೆಗೆ ಹುಬ್ಬಳ್ಳಿ ಮುಟ್ಟುವವರಿಗೆ ಕಾಣುವುದು ನೀರಿನ ನಡುವೆ ಒಂದಷ್ಟು ಬೂದು ಚುಕ್ಕೆ, ಅಷ್ಟೇ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಇದು ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ. ಬೆಂಗಳೂರಿನವರಿಗೆ ಮಾಗಡಿ ಎಂದರೆ ಕೆಂಪೇಗೌಡರ ಮಾಗಡಿಯೇ ನೆನಪಾಗುವುದು, ಮ್ಯಾಪಿನಲ್ಲೂ ಅದೇ ಮೊದಲು ಬರುತ್ತದೆ.

ಹೋದ ಚಳಿಗಾಲ ಸೊಲ್ಲಾಪುರದಿಂದ ಕಾಕಾ, ಚಿಗವ್ವ ಬಂದಿದ್ದರು. ಜೊತೆಗೆ ಬೆಂಗಳೂರಿನಲ್ಲಿರುವ ಅವರ ಮಗಳು, ಇಬ್ಬರು ಮೊಮ್ಮಕ್ಕಳು. ಮದುವೆ-ಮುಂಜಿಯಲ್ಲಿ ಕಂಡರೆ ಕಂಡಂತೆ, ಅಷ್ಟು ದೂರದ ಬಳಗ. ಹಿಂದಿನ ರಾತ್ರಿ ಉಂಡ ಮೇಲೆ ಎಲ್ಲರಿಗೂ ಹೇಳಿ ಮಲಗಿಸಿದೆ: ಕತ್ತಲಿರುವಾಗಲೇ ಏಳಬೇಕು, ಕೆಂಪು ಅಂಗಿ ಬೇಡ, ಕಟ್ಟೆಯ ಮೇಲೆ ಕೂಗಾಟ ಬೇಡ. ಚಿಗವ್ವ ನಕ್ಕರು, "ಹಕ್ಕಿ ನೋಡಾಕ ಬಂದೀವೋ, ಸಾಲಿಗೆ ಬಂದೀವೋ?"

ವೇಳೆಗೆ ಕಾರಣ ಇದೆ. ಪಟ್ಟೆತಲೆ ಹೆಬ್ಬಾತು ನೀರಿನಲ್ಲಿದ್ದರೂ ಅದರ ಊಟ ಹೊಲದಲ್ಲಿ. ಹುಲ್ಲು, ಕಾಳು, ಎಳೆ ಬೆಳೆ ಮೇಯುತ್ತದೆ. ಮೇಯಲು ಹೋಗುವುದು ಹೆಚ್ಚಾಗಿ ಸಂಜೆ, ರಾತ್ರಿ. ಮುಂಜಾನೆ ತಿರುಗಿ ಕೆರೆಗೆ ಬಂದು ಹಗಲೆಲ್ಲ ಅಲ್ಲೇ ವಿಶ್ರಾಂತಿ. ಹಾಗಾಗಿ ಅವು ಮರಳುವ ಹೊತ್ತಿಗೆ ನಾವು ಕಟ್ಟೆಯ ಮೇಲೆ ಕೂತಿರಬೇಕು. ಬಿಸಿಲು ನಮ್ಮ ಬೆನ್ನಿಗಿರಬೇಕು, ಎದುರಿಗಿದ್ದರೆ ಹಕ್ಕಿಗಳೆಲ್ಲ ಕರ್ರಗೆ ಕಾಣುತ್ತವೆ, ತಲೆಯ ಮೇಲಿನ ಪಟ್ಟೆ ತಿಳಿಯುವುದೇ ಇಲ್ಲ.

ಅಂದು ಮೊದಲು ಸದ್ದೇ ಬಂತು. ಆಮೇಲೆ ಒಂದರ ಹಿಂದೊಂದು ಸಾಲು, ಓರೆಯಾಗಿ. ನೀರಿನ ಹತ್ತಿರ ಬಂದ ಕೂಡಲೇ ಕಾಲು ಮುಂದೆ ಚಾಚಿ, ರೆಕ್ಕೆ ಹಿಂದಕ್ಕೆಳೆದು, ಒಂದಿಷ್ಟು ಜಾರಿ ನಿಂತವು. ಬೈನಾಕ್ಯುಲರನ್ನು ಮೊದಲು ಕಾಕಾನ ಕೈಗೆ ಕೊಟ್ಟೆ. ಹುಡುಗರ ಕೈಗೆ ಹೋದರೆ ದೊಡ್ಡವರಿಗೆ ತಿರುಗಿ ಬರುವುದಿಲ್ಲ. ಬಿಳಿ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು: ಇಷ್ಟು ಗುರುತು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹುಡುಕುತ್ತಾರೆ. ಕಂದು ಬಣ್ಣದ ಬ್ರಾಹ್ಮಿಣಿ ಬಾತು ಎದ್ದದ್ದನ್ನು ಚಿಗವ್ವನೇ ಮೊದಲು ಕಂಡರು.

ಈ ಹೆಬ್ಬಾತುಗಳು ಮರಿ ಮಾಡುವುದು ಟಿಬೆಟ್, ಲಡಾಖ್, ಮಂಗೋಲಿಯಾದ ಕಡೆಯ ಕೆರೆಗಳಲ್ಲಿ. ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ಮಂಗೋಲಿಯಾದಲ್ಲಿ ಗುರುತಿಗೆಂದು ಕೊರಳಪಟ್ಟಿ ತೊಡಿಸಿದ ಹೆಬ್ಬಾತು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಇದನ್ನು ಕೇಳಿದ ದೊಡ್ಡ ಮೊಮ್ಮಗ ಪ್ರತಿ ಹಕ್ಕಿಯ ಕೊರಳನ್ನೂ ಜಾಲಾಡತೊಡಗಿದ. ಅವನು ಅಷ್ಟು ಹೊತ್ತು ಫೋನ್ ಮುಟ್ಟದೆ ಕೂತದ್ದನ್ನು ಅವನ ತಾಯಿ ನನಗೆ ಕಣ್ಸನ್ನೆಯಲ್ಲೇ ತೋರಿಸಿದಳು. 2024ರ ಜನವರಿಯಲ್ಲಿ ಕೆರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿಯನ್ನೂ ನಾನು ಹೇಳಿದೆ. ಅದು ಯಾರ ಕಿವಿಗೂ ಬೀಳಲಿಲ್ಲ.

ಬಿಸಿಲೇರಿದ ಮೇಲೆ ಕೆರೆಯ ದಂಡೆಯಲ್ಲೇ ಹೊತ್ತು ಕಳೆಯಬಾರದು, ಹೊಲಕ್ಕೆ ಕರೆದೊಯ್ಯಬೇಕು. ಕಪ್ಪು ಮಣ್ಣಿನ ಕಡ್ಲಿ ಹೊಲ ಈ ಹೊತ್ತಿಗೆ ಕಾಯಿ ಹಿಡಿದಿರುತ್ತದೆ. ಗಿಡದ ಎಲೆ ಮೇಲೆ ಹುಳಿ ಇರುತ್ತದೆ. ಇಬ್ಬನಿ ಆರುವ ಮುಂಚೆ ಅಂಗೈ ಆಡಿಸಿ ನಾಲಿಗೆಗೆ ಹಚ್ಚಿದರೆ ಹಲ್ಲು ಜುಂ ಎನ್ನುತ್ತದೆ. ಹಿಂದೆ ರಾತ್ರಿ ಗಿಡದ ಮೇಲೆ ಅರಿವೆ ಹಾಸಿ, ಬೆಳಿಗ್ಗೆ ಹಿಂಡಿ ಈ ಹುಳಿ ಕೂಡಿಡುತ್ತಿದ್ದರು, ಹೊಟ್ಟೆನೋವಿಗೆಂದು. ಕಾಕಾ ತಮ್ಮ ಅವ್ವ ಹಾಗೆ ಮಾಡುತ್ತಿದ್ದುದನ್ನು ತಾವಾಗಿಯೇ ಹೇಳಲು ಶುರುಮಾಡಿದರು. ಸೊಲ್ಲಾಪುರದಿಂದ ಬಂದಾಗಿನಿಂದ ಅಷ್ಟು ಮಾತಾಡಿರಲಿಲ್ಲ. ಮೊಮ್ಮಕ್ಕಳು ಎಲೆ ನೆಕ್ಕಿ ಮುಖ ಹಿಂಡಿದರು, ಮತ್ತೆ ನೆಕ್ಕಿದರು. ಒಣ ಕಸಕ್ಕೆ ಬೆಂಕಿ ಹಚ್ಚಿ ಸುಲಗಾಯಿ, ಅಂದರೆ ಹಸಿ ಕಡ್ಲಿಕಾಯಿ, ಸುಟ್ಟೆವು, ಕೈ-ಬಾಯಿ ಎಲ್ಲ ಮಸಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಮನೆಯಿಂದ ಬಂದಿದ್ದವು. ಹೋಟೆಲ್ ಊಟ ಕೊಡಿಸುವವರ ಬಗ್ಗೆ ನನಗೇನೂ ಬೇಸರವಿಲ್ಲ, ಆದರೆ ಈ ತಿಂಗಳಲ್ಲಿ ಹೊಲದ ಊಟ ಬಿಟ್ಟು ಅಲ್ಲಿಗೇಕೆ?

ಮಧ್ಯಾಹ್ನಕ್ಕೆ ಒಂದೇ ಜಾಗ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ. ಅಲ್ಲಿ ಲಿಂಗವಲ್ಲ, ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಸೌರಾಷ್ಟ್ರದಿಂದ ಶರಣ ಆದಯ್ಯ ತಂದ ದೇವರೆಂದು ಪ್ರತೀತಿ. ಹಳೆಯ ಪುಲಿಗೆರೆ ಇದೇ. ಇಲ್ಲಿಯ ತಿರುಳ್ಗನ್ನಡವನ್ನು, ಅಂದರೆ ಅಚ್ಚ ಕನ್ನಡವನ್ನು, ಪಂಪ ಹೆಮ್ಮೆಯಿಂದ ನೆನೆದದ್ದು ಹತ್ತನೇ ಶತಮಾನದಲ್ಲಿ. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠವೂ ನಮ್ಮೂರಿಗೆ ಹತ್ತಿರದಲ್ಲೇ ಇದೆ. ಲಕ್ಕುಂಡಿಯನ್ನೂ ಅದೇ ದಿನ ಸೇರಿಸಿ ಎಂದು ಬೆಂಗಳೂರಿನವಳು ಕೇಳಿದಳು. ನಾನು ಒಪ್ಪಲಿಲ್ಲ. ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ ನೋಡಲು ಅರ್ಧ ದಿನವಾದರೂ ಬೇಕು. ಅದು ಮರುದಿನ, ರೈಲು ಹಿಡಿಯಲು ಗದಗಿಗೆ ಹೋಗುವಾಗ.

ಹೊರಡುವಾಗ ಚಿಗವ್ವ ಒಂದು ಚೀಲ ಸುಲಗಾಯಿ ಕಟ್ಟಿಸಿಕೊಂಡರು. ಯುಗಾದಿಗೆ ಇನ್ನೊಬ್ಬ ಮಗನನ್ನು ಕರ್ಕೊಂಡು ಬರ್ತೀನಿ ಎಂದರು. "ಬರ್ರಿ ಚಿಗವ್ವ, ಹೋಳಿಗಿ ಮಾಡೋಣು," ಎಂದೆ, "ಆದ್ರ ಹಕ್ಕಿ ನೋಡಬೇಕಂದ್ರ ಸಂಕ್ರಾಂತಿಗೆ ಬರ್ರಿ. ಯುಗಾದಿಗೆ ಅವು ಊರಿಗೆ ಹೋಗಿರ್ತಾವ."