ಒಂದು ಫೋನು, 40 ರಟ್ಟು

ಎರಡು ವರ್ಷದ ಹಿಂದೆ ಸ್ಟಾಫ್ ರೂಮಿನಲ್ಲಿ ನನಗೆ ‘ರಟ್ಟಿನ ಮೇಷ್ಟ್ರು’ ಅಂತ ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಈ ವರ್ಷ ಅದೇ ರೂಮಿನಿಂದ ಮೂರು ಜನ ಬಂದು "ಆ ಕಾರ್ಡ್ ಒಂದು ವಾರದ ಮಟ್ಟಿಗೆ ಕೊಡ್ತೀರಾ?" ಅಂತ ಕೇಳಿದ್ದಾರೆ. ಮಕ್ಕಳು ತಮ್ಮ ಉತ್ತರ ತೋರಿಸೋಕೆ ಎತ್ತಿ ಹಿಡಿಯುವ ರಟ್ಟಿನ ಕಾರ್ಡು ಅದು. ಅವರು ಕೇಳಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ. ಈ ದಿನಕ್ಕೆ ಬಹಳ ಕಾದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಜಾಸ್ತಿ ಭೌತವಿಜ್ಞಾನ. ತರಗತಿಯಲ್ಲಿ 38ರಿಂದ 40 ಮಕ್ಕಳು. ಪ್ರೊಜೆಕ್ಟರ್, ಸ್ಲೈಡ್, ಕ್ವಿಜ್ ಆ್ಯಪ್ ಎಲ್ಲ ನಿಮಗೂ ಗೊತ್ತಿರುವುದೇ, ಅದರ ಪಾಠ ಇಲ್ಲಿ ಮಾಡುವುದಿಲ್ಲ. ಎಲ್ಲಿ ಮುಗ್ಗರಿಸಿದೆ, ಎಷ್ಟು ಕಳೆದುಕೊಂಡೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ಕೈ ಸುಟ್ಟಿದ್ದು ಪ್ರೊಜೆಕ್ಟರ್. ಸ್ವಂತ ದುಡ್ಡು, ಹೆಚ್ಚು ಕಡಿಮೆ ಒಂದೂವರೆ ತಿಂಗಳ ಸಂಬಳ. ನಮ್ಮ ತರಗತಿಗೆ ಎರಡೂ ಕಡೆ ದೊಡ್ಡ ಕಿಟಕಿ. ಹಗಲು ಹೊತ್ತಿನಲ್ಲಿ ಗೋಡೆ ಮೇಲೆ ಏನೋ ಅಲ್ಲಾಡುತ್ತಿದೆ ಅಂತ ಕಾಣುತ್ತಿತ್ತೇ ಹೊರತು ಏನು ಅಂತ ತಿಳಿಯುತ್ತಿರಲಿಲ್ಲ. ಕಿಟಕಿ ಮುಚ್ಚಿದರೆ ಕತ್ತಲು. ಕತ್ತಲಾದರೆ ಹಿಂದಿನ ಬೆಂಚಿಗೆ ನಿದ್ದೆ. ಎರಡನೇ ವರ್ಷ ಲ್ಯಾಂಪ್ ಹೋಯಿತು. ಹೊಸ ಲ್ಯಾಂಪಿಗೆ ಪ್ರೊಜೆಕ್ಟರಿನ ಮೂರನೇ ಒಂದು ಭಾಗದಷ್ಟು ಕೇಳಿದರು. ಹಾಕಿಸಲಿಲ್ಲ. ಅದು ಈಗ ಬೀರುವಿನ ಮೇಲೆ ಬೆಚ್ಚಗೆ ಕೂತಿದೆ.

ಆಮೇಲೆ ವೀಡಿಯೋ ಹುಚ್ಚು ಹಿಡಿಯಿತು. ಮೈಕ್, ಲೈಟು, ಸ್ಟ್ಯಾಂಡು ಅಂತ ಇನ್ನರ್ಧ ತಿಂಗಳ ಸಂಬಳ ಹೋಯಿತು. ರಾತ್ರಿ ಹನ್ನೊಂದರವರೆಗೆ ಕೂತು 38 ನಿಮಿಷದ ಪಾಠ ರೆಕಾರ್ಡ್ ಮಾಡಿದೆ. ಮನೆಯಲ್ಲಿ ನೋಡಿಕೊಂಡು ಬರಲಿ, ತರಗತಿಯಲ್ಲಿ ಲೆಕ್ಕ ಮಾಡಿಸೋಣ ಅನ್ನುವುದು ಪ್ಲ್ಯಾನು. ಎಷ್ಟು ಮಕ್ಕಳು ಕೊನೆಯವರೆಗೆ ನೋಡಿದರು ಗೊತ್ತಾ? ಇಬ್ಬರು. ಅದರಲ್ಲಿ ಒಬ್ಬಳು ನನ್ನ ಮಗಳು, ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆ ತಾಣದ ಕೋರ್ಸುಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಬಂದಿತ್ತು. ಸುಮಾರು 69 ಲಕ್ಷ ಸಲ ವೀಡಿಯೋ ನೋಡಿದ ದಾಖಲೆಯನ್ನು ಜಾಲಾಡಿ, ಆರು ನಿಮಿಷದ ಒಳಗಿದ್ದರೆ ಮಾತ್ರ ಜನ ಚೆನ್ನಾಗಿ ನೋಡುತ್ತಾರೆ ಅಂತ ಹೇಳಿದ್ದರು. ನಾನು ಅದನ್ನು ಓದಿದ್ದು ಮೈಕ್ ಕೊಂಡ ಮೇಲೆ. ನನ್ನ ಅನುಭವದಲ್ಲಿ ನಾಲ್ಕು ನಿಮಿಷ. ಅದಕ್ಕಿಂತ ಉದ್ದ ಇದ್ದರೆ ನನ್ನ ಮುಖ ನನಗೇ ಬೇಜಾರು.

ಹಳೇ ಟ್ಯಾಬ್ಲೆಟ್ ಆರು ಕೊಂಡಿದ್ದೂ ಉಂಟು. ಅದರ ಕಥೆ ಬೇಡ. ಆರಕ್ಕೆ ಆರು ಒಂದೇ ಸಲ ಚಾರ್ಜ್ ಇದ್ದ ದಿನ ನನಗೆ ನೆನಪಿಲ್ಲ.

ಬುದ್ಧಿ ಬಂದದ್ದು ಒಂದು ಭಾನುವಾರ ಉತ್ತರ ಪತ್ರಿಕೆ ತಿದ್ದುವಾಗ. ವಿದ್ಯುತ್ ಪಾಠ. ಆ ಸಲ ನಾನು ಫೆಟ್ ತೋರಿಸಿದ್ದೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ, ಪ್ರಯೋಗವನ್ನು ಪರದೆ ಮೇಲೆ ಮಾಡಿ ತೋರಿಸುವ ಸಿಮ್ಯುಲೇಷನ್‌ಗಳು, ನಿಮಗೆ ಗೊತ್ತಲ್ಲ. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಓಡುತ್ತವೆ, ನೋಡೋಕೆ ಬಲು ಚಂದ. ಮಕ್ಕಳು ‘ವಾಹ್’ ಅಂದಿದ್ದರು. ಪರೀಕ್ಷೆಯಲ್ಲಿ ಕೇಳಿದೆ: ಒಂದೇ ತರಹದ ಎರಡು ಬಲ್ಬು ಸರಣಿಯಲ್ಲಿ, ಅಂದರೆ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಇವೆ, ಯಾವುದು ಜಾಸ್ತಿ ಉರಿಯುತ್ತದೆ? ಎರಡೂ ಒಂದೇ ಸಮ ಅನ್ನುವುದು ಉತ್ತರ. 23 ಮಕ್ಕಳು "ಮೊದಲನೆಯದು" ಅಂತ ಬರೆದಿದ್ದರು. ಒಬ್ಬ ಕಾರಣ ಕೂಡ ಕೊಟ್ಟಿದ್ದ: "ಮೊದಲ ಬಲ್ಬು ಕರೆಂಟ್ ಕುಡಿದುಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು ಸಿಗುತ್ತದೆ."

ಅರೆ, ಚುಕ್ಕೆ ಓಡಿದ್ದನ್ನು ನೋಡಿದ್ದರಲ್ಲ! ನೋಡಿದ್ದರು, ಅಷ್ಟೇ. ಸಿಮ್ಯುಲೇಷನ್ನಿನದೇನೂ ತಪ್ಪಿಲ್ಲ. ಅವರ ತಲೆಯಲ್ಲಿ ಮೊದಲೇ ಏನಿತ್ತು ಅಂತ ನಾನು ಕೇಳಿಯೇ ಇರಲಿಲ್ಲ. ಅಷ್ಟೂ ವರ್ಷ ದುಡ್ಡು ಸುರಿದದ್ದು ತೋರಿಸುವುದಕ್ಕೆ. ಕೇಳುವುದಕ್ಕೆ ಒಂದು ಬಿಡಿಗಾಸೂ ಖರ್ಚು ಮಾಡಿರಲಿಲ್ಲ.

ಹಾರ್ವರ್ಡಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಮೊದಲಲ್ಲೇ ಈ ದಾರಿ ಹಿಡಿದಿದ್ದರು. ಪ್ರಶ್ನೆ ಕೇಳು, ಎಲ್ಲರೂ ಉತ್ತರಿಸಲಿ, ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಉತ್ತರಿಸಲಿ. ತರಬೇತಿಗಳಲ್ಲಿ ಹತ್ತು ಸಲ ಕೇಳಿದ್ದೆ, ಹತ್ತು ಸಲ ತಲೆಯಾಡಿಸಿದ್ದೆ. ಉತ್ತರದ ಗುಂಡಿ ಒತ್ತುವ ಕ್ಲಿಕ್ಕರ್ ಅನ್ನುವ ಯಂತ್ರ ಒಂದೊಂದು ಮಗುವಿಗೆ ಒಂದೊಂದು ಬೇಕು ಅಂದಾಗ ಕೈ ಬಿಟ್ಟಿದ್ದೆ. ಕೈ ಎತ್ತಿಸಿದರೆ ಆಗಲ್ವಾ? ಆಗಲ್ಲ. ಮೊದಲ ಬೆಂಚಿನ ಜಾಣ ಹುಡುಗಿ ಕೈ ಎತ್ತಿದ ಕಡೆಗೇ ಇಡೀ ತರಗತಿ ಕೈ ಎತ್ತುತ್ತದೆ.

ಆಗ ಸಿಕ್ಕಿದ್ದು ಪ್ಲಿಕರ್ಸ್ ಅನ್ನುವ ಆ್ಯಪ್. ಮಕ್ಕಳ ಕೈಯಲ್ಲಿ ಯಂತ್ರವೇ ಬೇಡ. ಪ್ರತಿಯೊಬ್ಬರಿಗೂ ಕಪ್ಪು ಚೌಕಗಳ ಒಂದು ಕಾರ್ಡು, ಒಂದೊಂದರ ಆಕಾರವೂ ಬೇರೆ. ನಾಲ್ಕು ಅಂಚಿನಲ್ಲಿ ಸಣ್ಣಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಂಚನ್ನು ಮೇಲೆ ಮಾಡಿ ಹಿಡಿಯಬೇಕು. ನಾನು ಫೋನಿನ ಕ್ಯಾಮೆರಾವನ್ನು ತರಗತಿ ಮೇಲೆ ಹಾಯಿಸುತ್ತೇನೆ. ಯಾರು ಏನು ಅಂದರು ಅಂತ ಹೆಸರಿನ ಸಮೇತ ಬರುತ್ತದೆ. ಆಕಾರ ಬೇರೆ ಬೇರೆ ಆದ್ದರಿಂದ ಪಕ್ಕದವನದ್ದು ಕದಿಯುವಂತಿಲ್ಲ. 40 ಕಾರ್ಡಿನ ಪ್ರಿಂಟು, ರಟ್ಟು, ಗೋಂದು ಎಲ್ಲ ಸೇರಿ ನನ್ನ ಫೋನಿನ ಒಂದು ತಿಂಗಳ ರೀಚಾರ್ಜಿನಷ್ಟೂ ಆಗಲಿಲ್ಲ. ಆ ಪ್ರೊಜೆಕ್ಟರ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಮೊದಲ ದಿನವೇ ಗೆದ್ದೆ ಅಂದುಕೊಳ್ಳಬೇಡಿ. ಬಾಳಿಕೆ ಬರಲಿ ಅಂತ ಫಳಫಳ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದ್ದೆ. ಕಿಟಕಿ ಬೆಳಕು ಬಿದ್ದು ಕಾರ್ಡೆಲ್ಲ ಕನ್ನಡಿ. 40ರಲ್ಲಿ 15 ಓದಿಸಿಕೊಂಡರೆ ಹೆಚ್ಚು. ನಾನು ಫೋನು ಹಿಡಿದು ಹಲ್ಲಿಯ ಹಾಗೆ ಗೋಡೆಗೆ ಒರಗಿ ಅತ್ತಿತ್ತ ಸರಿದಾಡುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಕಿಟಕಿ ಆಚೆ ನಿಂತು ಒಬ್ಬ ಸಹೋದ್ಯೋಗಿಯೂ ನಗುತ್ತಿದ್ದರು. ಅವತ್ತೇ ಆ ಹೆಸರು ಬಿದ್ದದ್ದು. ಎರಡನೇ ಸೆಟ್ಟನ್ನು ಲ್ಯಾಮಿನೇಷನ್ ಇಲ್ಲದೆ ದಪ್ಪ ರಟ್ಟಿಗೆ ಅಂಟಿಸಿದೆ. ಆಗ ಮಕ್ಕಳ ಹೆಬ್ಬೆರಳು ಚೌಕದ ಮೇಲೆ ಬರುತ್ತಿತ್ತು. ಕೆಳಗಿನ ಎರಡು ಮೂಲೆ ಹಿಡಿಯೋದು ಅಭ್ಯಾಸ ಮಾಡಿಸೋಕೆ ಒಂದು ವಾರ ಬೇಕಾಯಿತು. ಕೊನೇ ಬೆಂಚಿಗೆ ಸ್ವಲ್ಪ ದೊಡ್ಡ ಕಾರ್ಡು ಕೊಟ್ಟೆ. ಈಗ ಇಡೀ ತರಗತಿ ಹತ್ತು, ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ಆ ಬಲ್ಬಿನ ಪ್ರಶ್ನೆಯನ್ನೇ ಮರು ವರ್ಷ ಹೊಸ ಮಕ್ಕಳಿಗೆ ಕೇಳಿದೆ. ಈ ಸಲ ಪಾಠಕ್ಕಿಂತ ಮುಂಚೆ. ಫೋನಿನಲ್ಲಿ ಸರಿ ಉತ್ತರ 12ರೋ 13ರೋ. ಸರಿ ಯಾವುದು ಅಂತ ನಾನು ಹೇಳಲಿಲ್ಲ. "ನಿಮ್ಮ ಪಕ್ಕ ಬೇರೆ ಉತ್ತರ ಹಿಡಿದವರು ಇದ್ದರೆ ಒಪ್ಪಿಸಿ ನೋಡೋಣ, ಮೂರು ನಿಮಿಷ" ಅಂದೆ. ಸಂತೆ ಗಲಾಟೆ. ನಾನು ಸುಮ್ನೆ ಬೆಂಚುಗಳ ನಡುವೆ ಓಡಾಡುತ್ತಾ ಕಿವಿ ಕೊಟ್ಟೆ. ಮೂರನೇ ಸಾಲಿನಲ್ಲಿ ಒಬ್ಬಳು, ಪರೀಕ್ಷೆಯಲ್ಲಿ ಯಾವಾಗಲೂ ಅಂಚಿನಲ್ಲಿ ಪಾಸಾಗುವವಳು, ಪಕ್ಕದವಳಿಗೆ ಹೇಳುತ್ತಿದ್ದಳು: "ಸೈಕಲ್ ಚೈನ್ ನೋಡಿಲ್ವಾ? ಸುತ್ತುತ್ತಾ ಇರುತ್ತೆ. ಮೊದಲನೇ ಹಲ್ಲು ಚೈನ್ ತಿಂದುಬಿಡುತ್ತಾ? ಹೋದಷ್ಟೇ ವಾಪಸ್ ಬರಬೇಕು ತಾನೇ?"

ಇಷ್ಟು ವರ್ಷದಲ್ಲಿ ಆ ಹೋಲಿಕೆ ನನಗೆ ಹೊಳೆದಿರಲಿಲ್ಲ. ಎರಡನೇ ಸುತ್ತಿನಲ್ಲಿ ಸರಿ ಉತ್ತರ 30ರ ಹತ್ತಿರ ಬಂತು. ಆಮೇಲೆ ಫೆಟ್ ತೆಗೆದು, ಫೋನಿನಲ್ಲೇ, ಬೆಂಚಿಂದ ಬೆಂಚಿಗೆ ತೋರಿಸಿದೆ. ಅದೇ ಚುಕ್ಕೆಗಳು. ಆದರೆ ಈ ಸಲ ಪಂದ್ಯ ಕಟ್ಟಿದವರ ಹಾಗೆ ಕಣ್ಣು ಬಿಟ್ಟು ನೋಡಿದರು. ತಪ್ಪು ಹೇಳಿದವರಿಗೇ ಜಾಸ್ತಿ ಕುತೂಹಲ.

ಇದರಲ್ಲಿ ಎರಡು ವಿಷಯ ದುಬಾರಿ ಬೆಲೆ ಕೊಟ್ಟು ಕಲಿತೆ. ಮೊದಲ ಸುತ್ತಿನ ಫಲಿತಾಂಶದ ಗ್ರಾಫನ್ನು ಮಕ್ಕಳಿಗೆ ತೋರಿಸಲೇಬಾರದು. ಒಂದು ತಿಂಗಳು ತೋರಿಸಿದೆ, ಉದ್ದ ಕಂಬ ಯಾವುದೋ ಆ ಕಡೆಗೇ ಎಲ್ಲರೂ ವಾಲಿದರು. ವಾದವೇ ನಡೆಯಲಿಲ್ಲ. ಇನ್ನೊಂದು, ಪ್ರಶ್ನೆ ತೀರಾ ಸುಲಭ ಇದ್ದರೂ ದಂಡ, ತೀರಾ ಕಷ್ಟ ಇದ್ದರೂ ದಂಡ. ಮೊದಲ ಸುತ್ತಿನಲ್ಲಿ ನೂರಕ್ಕೆ 30ರಿಂದ 70 ಜನ ಸರಿ ಹೇಳಿದರೆ ಮಾತ್ರ ಚರ್ಚೆಗೆ ಬಿಡುತ್ತೇನೆ. ಇದು ಮಜೂರ್ ವಿಧಾನದ ಹಳೇ ಲೆಕ್ಕ, ನನ್ನದಲ್ಲ. ಹತ್ತೇ ಜನ ಸರಿ ಅಂದರೆ ಚರ್ಚೆ ಅಂದರೆ ಕುರುಡರಿಗೆ ಕುರುಡರು ದಾರಿ ತೋರಿಸಿದ ಹಾಗೆ. ಆಗ ಸೀಮೆಸುಣ್ಣ ಹಿಡಿದು ನಾನೇ ಹೇಳುತ್ತೇನೆ.

ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಒಂದಿಷ್ಟು ಹೇಳುತ್ತೇನೆ. ಹಳೇ ಉತ್ತರ ಪತ್ರಿಕೆಗಳೇ ನನ್ನ ಗಣಿ. ಮಕ್ಕಳು ನಿಜವಾಗಿ ಬರೆದ ತಪ್ಪುಗಳನ್ನು ಎತ್ತಿ ಆಯ್ಕೆಗಳಾಗಿ ಇಡುತ್ತೇನೆ. "ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವ ಕ್ಷಣ ಅದರ ವೇಗೋತ್ಕರ್ಷ ಎಷ್ಟು?" ಅಂತ ಕೇಳಿ, ಒಂದು ಆಯ್ಕೆ ‘ಸೊನ್ನೆ’ ಅಂತ ಇಡಿ, ಅರ್ಧ ತರಗತಿ ಬಲೆಗೆ ಬೀಳುತ್ತದೆ. ಸೊನ್ನೆಯಾಗುವುದು ವೇಗ, ಗುರುತ್ವದ ಎಳೆತ ಅಲ್ಲ. ಈಚೆಗೆ ಎಐ ಚಾಟ್‌ಬಾಟ್‌ಗೂ ಈ ಕೆಲಸ ಕೊಟ್ಟು ನೋಡಿದೆ. ಐದು ನಿಮಿಷದಲ್ಲಿ 50 ಪ್ರಶ್ನೆ ಕೊಟ್ಟಿತು. ಕೆಲಸಕ್ಕೆ ಬಂದದ್ದು ಏಳೋ ಎಂಟೋ. ಅದು ಕೊಡುವ ತಪ್ಪು ಉತ್ತರ ತೀರಾ ತಪ್ಪು, ಯಾವ ಮಗುವೂ ಮೋಸ ಹೋಗುವುದಿಲ್ಲ. ಆಮೇಲೆ ಅದನ್ನು ತಿರುಗಿಸಿದೆ. ಮಕ್ಕಳು ಬರೆದ 30 ತಪ್ಪುಗಳನ್ನು ಹೆಸರಿಲ್ಲದೆ ಟೈಪ್ ಮಾಡಿ ಕೊಟ್ಟು, ಇವನ್ನು ಗುಂಪು ಮಾಡು ಅಂದೆ. ಅದನ್ನು ಮಾತ್ರ ಚೆನ್ನಾಗಿ ಮಾಡಿತು. ನಾಲ್ಕನೇ ಆಯ್ಕೆಯನ್ನು ನಾನು ಹೇಗೆ ಬರೆಯುತ್ತೇನೆ, ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಬೆವರು ಸುರಿಸಿದ್ದೇನೆ, ನೀವೂ ಸ್ವಲ್ಪ ಸುರಿಸಿ.

ಮಧ್ಯೆ ಅಂಕಿ ಎಂಬ ಸಾಫ್ಟ್‌ವೇರ್ ಹಿಂದೆ ಬಿದ್ದಿದ್ದೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಫ್ಲ್ಯಾಶ್‌ಕಾರ್ಡ್. ಬೇಸಿಗೆ ರಜೆಯಲ್ಲಿ 400 ಕಾರ್ಡ್ ಕೂತು ಬರೆದೆ. ಬಳಸಿದವರು ಮೂರು ಜನ, ಅದೂ ಪರೀಕ್ಷೆ ಹಿಂದಿನ ರಾತ್ರಿ. ಅದರ ಉದ್ದೇಶವೇ ಹಾಳು. ಈಗ ಆ ಕೆಲಸವನ್ನು ರಟ್ಟಿನಿಂದಲೇ ಮಾಡುತ್ತೇನೆ. ಇವತ್ತು ಕೇಳಿದ ಪ್ರಶ್ನೆಯನ್ನು ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು, ಮೂರು ವಾರ ಬಿಟ್ಟು ಸ್ವಲ್ಪ ವೇಷ ಬದಲಿಸಿ ಮತ್ತೆ ಕೇಳುತ್ತೇನೆ. ತರಗತಿ ಶುರುವಿನಲ್ಲಿ ಎರಡೇ ನಿಮಿಷ. ದಿನ ಲೆಕ್ಕ ಇಡೋದಕ್ಕೆ ಒಂದು ಸ್ಪ್ರೆಡ್‌ಶೀಟ್. ಮಕ್ಕಳಿಗೆ ಇದು ಪುನರಾವರ್ತನೆ ಅಂತ ಗೊತ್ತೇ ಆಗುವುದಿಲ್ಲ, ಬೈದುಕೊಂಡು ಕಾರ್ಡ್ ಎತ್ತುತ್ತಾರೆ.

ವೀಡಿಯೋ ಬಿಟ್ಟು ಧ್ವನಿಗೆ ಬಂದದ್ದು ಇನ್ನೊಂದು ಅಡ್ಡದಾರಿ. ನಾಲ್ಕು ನಿಮಿಷದ ಮಾತನ್ನು ಓಪಸ್ ಅನ್ನುವ ಧ್ವನಿ ಫಾರ್ಮ್ಯಾಟಿನಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿದರೆ ಒಂದು ಎಂಬಿಯೂ ಆಗುವುದಿಲ್ಲ, ಮುಕ್ಕಾಲು ಎಂಬಿ ಒಳಗೇ ಮುಗಿಯುತ್ತದೆ. ಡೇಟಾ ಇಲ್ಲ ಅನ್ನುವ ನೆಪಕ್ಕೆ ಜಾಗವೇ ಇಲ್ಲ. ಪುಸ್ತಕ ಮುಂದೆ ಇಟ್ಟುಕೊಳ್ಳಿ, ಚಿತ್ರ ಮೂರು ನೋಡಿ, ಈಗ ನಾನು ಹೇಳುತ್ತೇನೆ ಅನ್ನುವ ಥರ. 38 ನಿಮಿಷದ ವೀಡಿಯೋ ನೋಡದ ಮಕ್ಕಳು ಇದನ್ನು ಕೇಳುತ್ತಾರೆ. ದುಬಾರಿ ಮೈಕ್ ಕೊನೆಗೂ ಉಪಯೋಗಕ್ಕೆ ಬಂತು.

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ಕೊಲಿಬ್ರಿ ಅನ್ನುವ ಸಾಫ್ಟ್‌ವೇರ್ ಹಾಕಿ ಇಂಟರ್ನೆಟ್ ಇಲ್ಲದ ಲೈಬ್ರರಿಯನ್ನೂ ಮಾಡಿದ್ದೇನೆ. ಮೊದಲ ಎರಡು ತಿಂಗಳಲ್ಲಿ ಎರಡು ಮೆಮೊರಿ ಕಾರ್ಡ್ ಕೆಟ್ಟವು, ಆಫ್ ಮಾಡದೆ ಪ್ಲಗ್ ಕಿತ್ತ ನನ್ನದೇ ಕರ್ಮ. ಈಗ ಸಣ್ಣ ಬ್ಯಾಟರಿ ಇದೆ, ಬ್ಯಾಕಪ್ ಕಾರ್ಡ್ ಮೇಜಿನ ಡ್ರಾಯರಿನಲ್ಲಿದೆ. ಅದರ ಬಗ್ಗೆ ಇನ್ನೊಮ್ಮೆ.

ನಂಬದವರ ಮಾತಿಗೆ ಬರುತ್ತೇನೆ. "ಮೇಷ್ಟ್ರು ಪಾಠ ಬಿಟ್ಟು ಫೋನ್ ಹಿಡ್ಕೊಂಡು ಓಡಾಡ್ತಾರೆ" ಅಂತ ಪೋಷಕರೊಬ್ಬರು ದೂರು ಕೊಟ್ಟರು. ಅವರನ್ನೇ ಕರೆದು ಕೊನೇ ಬೆಂಚಿನಲ್ಲಿ ಕೂರಿಸಿ, ಕೈಗೊಂದು ಕಾರ್ಡ್ ಕೊಟ್ಟೆ. ಚೆಂಡಿನ ಪ್ರಶ್ನೆಗೆ ‘ಸೊನ್ನೆ’ ಅಂದರು. ಮೂರು ನಿಮಿಷ ಒಬ್ಬ ಹುಡುಗನ ಜೊತೆ ಜೋರಾಗಿ ವಾದ ಮಾಡಿದರು. ಮತ್ತೆ ದೂರು ಬರಲಿಲ್ಲ. ಇನ್ನೊಂದು ವಿಭಾಗದ ಮೇಷ್ಟ್ರು "ಪಾಠ ಮುಗಿಯಲ್ಲ, ನೋಡ್ತಾ ಇರಿ" ಅಂದಿದ್ದರು. ನಿಜ, ಮುಗಿಯುವುದಿಲ್ಲ. ಅವರಿಗಿಂತ ಒಂದೂವರೆ ಅಧ್ಯಾಯ ಹಿಂದೆಯೇ ಇದ್ದೆ. ಆದರೆ ವರ್ಷದ ಕೊನೆಗೆ ಇಬ್ಬರೂ ಸೇರಿ ತೆಗೆದ 50 ಅಂಕದ ಪತ್ರಿಕೆಯಲ್ಲಿ ನನ್ನ ವಿಭಾಗದ ಸರಾಸರಿ 31ರ ಹತ್ತಿರ ಬಂತು, ಅವರದ್ದು 24 ಚಿಲ್ಲರೆ. ಹಿಂದಿನ ವರ್ಷ ನಾವಿಬ್ಬರೂ 22, 23ರಲ್ಲಿ ಜೊತೆಗಿದ್ದೆವು. ಮಕ್ಕಳು ಬೇರೆ, ಪತ್ರಿಕೆ ಬೇರೆ, ಇದನ್ನು ಸಂಶೋಧನೆ ಅಂತ ನಾನು ಕರೆಯುವುದಿಲ್ಲ. ಆದರೂ ಆ ಪತ್ರಿಕೆ ಕಟ್ಟನ್ನು ಇನ್ನೂ ಎಸೆದಿಲ್ಲ.

ಎಲ್ಲದಕ್ಕೂ ಇದು ಆಗುವುದಿಲ್ಲ. ಕಿರಣ ಚಿತ್ರ ಬರೆಯೋದು, ಸೂತ್ರ ಹಂತ ಹಂತವಾಗಿ ಬಿಡಿಸೋದು, ಇವಕ್ಕೆ ನಾಲ್ಕು ಆಯ್ಕೆ ಸಾಲುವುದಿಲ್ಲ. ಅಲ್ಲಿ ಮಕ್ಕಳಿಗೆ ಸ್ಲೇಟು ಕೊಟ್ಟಿದ್ದೇನೆ. ಬರೆದು ಎತ್ತಿ ಹಿಡಿಯುತ್ತಾರೆ, ನಾನು ಫೋಟೋ ತೆಗೆದು ರಾತ್ರಿ ನೋಡುತ್ತೇನೆ. ಕಣ್ಣು ನೋವು ಬರುತ್ತದೆ. ಬೇರೆ ದಾರಿ ಇನ್ನೂ ಸಿಕ್ಕಿಲ್ಲ.

ಕಾರ್ಡ್ ಎರವಲು ಒಯ್ದವರಲ್ಲಿ ಮೊದಲನೆಯವರು, ಅವತ್ತು ಕಿಟಕಿ ಆಚೆ ನಿಂತು ನಕ್ಕವರೇ, ಹೋದ ವಾರ ವಾಪಸ್ ತಂದುಕೊಟ್ಟರು. "ಅಂಚೆಲ್ಲ ಸವೆದಿತ್ತು ಸಾರ್, ನಿಮಗೆ ಖರ್ಚು ಯಾಕೆ ಅಂತ ನಾನೇ ಸರಿ ಮಾಡಿಸಿದೆ" ಅಂದರು. 40ಕ್ಕೆ 40, ಫಳಫಳ ಹೊಳೆಯುವ ಲ್ಯಾಮಿನೇಷನ್. ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ. ಸಂಜೆ ಹೋಗಿ ಮತ್ತೆ ಪ್ರಿಂಟ್ ಹಾಕಿಸಿದೆ.