ಹಳೆಯ ಸಾಫ್ಟ್‌ಟಾಪ್ ಜಿಪ್ಸಿ ಮಾರುತ್ತೀರಾ? ಮೊದಲು ಮ್ಯಾಟ್ ಎತ್ತಿ

ಸಾಫ್ಟ್‌ಟಾಪ್, ಅಂದರೆ ಬಟ್ಟೆ ಇಲ್ಲವೇ ರೆಕ್ಸಿನ್ ಚಾವಣಿಯ ಗಾಡಿ ನೋಡಲು ಬರುವವರು ಬಾಯಲ್ಲಿ ಇಂಜಿನ್, ಟೈರ್, ಮೈಲೇಜ್ ಅಂತ ಮಾತಾಡುತ್ತಾರೆ. ಮನಸ್ಸಿನಲ್ಲಿ ಇರುವ ಅನುಮಾನ ಒಂದೇ: ಒಳಗೆ ಎಷ್ಟು ಮಳೆ ನೀರು ಇಳಿದಿದೆ? ಗಾಡಿ ಮಲೆನಾಡಿನ ಮೂಡಿಗೆರೆ ಕಡೆಯದು ಅಂದರಂತೂ ಕೇಳೋದೇ ಬೇಡ. ನನ್ನದು 2003ರ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್), ಕೆಎ-18 ನಂಬರ್. ಕಳೆದ ವರ್ಷ ಮಾರಿದೆ, ಕೇಳಿದ ಬೆಲೆಯ ಹತ್ತಿರಕ್ಕೇ ಹೋಯಿತು. ಅಕ್ಕಪಕ್ಕದ ತೋಟದವರ ಗಾಡಿಗಳಿಗೂ ನಾನೇ ನಿಂತು ವ್ಯಾಪಾರ ಕುದುರಿಸಿದ್ದೇನೆ. ಎಲ್ಲದರಲ್ಲೂ ಬೆಲೆ ನಿಂತಿದ್ದು ಈ ನೀರಿನ ಲೆಕ್ಕದ ಮೇಲೆಯೇ.

ಹಾಗಾಗಿ ಪಾಲಿಶ್ ಡಬ್ಬ ಪಕ್ಕಕ್ಕಿಡಿ. ಮುಂದಿನ ಸೀಟುಗಳ ಕೆಳಗಿನ ಮ್ಯಾಟ್ ಪೂರ್ತಿ ಎತ್ತಿ, ಎರಡು ದಿನ ಬಿಸಿಲಿಗೆ ಬಿಡಿ. ಕಾಲಿಡುವ ಜಾಗದ ಮೂಲೆ, ವಿಂಡ್‌ಸ್ಕ್ರೀನ್ ಫ್ರೇಮಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಬಾಡಿ ಚಾಸಿಯ ಮೇಲೆ ಕೂರುವ ಜಾಗಗಳು, ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್‌ಗಳು: ತುಕ್ಕು ಕೂರುವುದು ಇಲ್ಲೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಮೇಲ್ಮೈ ತುಕ್ಕು ಅಷ್ಟೇ, ಉಜ್ಜಿ ಪ್ರೈಮರ್ ಹೊಡೆದರೆ ಸಾಕು. ಸದ್ದು ಮಂದವಾಗಿದ್ದರೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಮಾಡಿಸುವಾಗ ಮೊದಲು, ಮಧ್ಯೆ, ಆಮೇಲೆ ಅಂತ ಫೋಟೋ ತೆಗೆದಿಡಿ. ಇಡೀ ತಳಕ್ಕೆ ದಪ್ಪಗೆ ಕಪ್ಪು ಅಂಡರ್‌ಕೋಟಿಂಗ್ ಬಳಿಸಿ ಮಾರುವವರಿದ್ದಾರೆ. ತಿಳಿದ ಗಿರಾಕಿ ಹೊಸ ಕಪ್ಪು ಕಂಡ ಕೂಡಲೇ ಏನೋ ಮುಚ್ಚಿದ್ದಾರೆ ಅಂತಲೇ ಎಣಿಸುತ್ತಾನೆ.

ಇನ್ನು ಟಾಪ್. ರೆಕ್ಸಿನ್ ಆಗಲಿ ಕ್ಯಾನ್ವಾಸ್ ಆಗಲಿ, ಒದ್ದೆ ಇದ್ದಾಗ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಬೇಗ ಹೋಗುವುದಿಲ್ಲ. ನೀರಿಗೆ ಸ್ವಲ್ಪ ಶಾಂಪೂ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೆದು, ಟಾಪ್ ಹೊರುವ ಕಬ್ಬಿಣದ ಕಮಾನಿನ ಮೇಲೆ ಬಿಗಿದೇ ಒಣಗಿಸಿ. ಪ್ಲಾಸ್ಟಿಕ್ ಕಿಟಕಿಗಳನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಡಿ, ಧೂಳೇ ಗೀರು ಹಾಕುತ್ತದೆ. ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ. ನಮ್ಮ ಕಡೆ ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರುತ್ತಾರೆ. ಫೋಟೋದಲ್ಲಿ ಚೆಂದ ಕಾಣುತ್ತದೆ, ಸಂಜೆಯೊಳಗೆ ರಸ್ತೆಯ ಧೂಳೆಲ್ಲ ಅಲ್ಲೇ. ಬಿಗಿಯಾದ ಜಿಪ್‌ಗೆ ಮೇಣದಬತ್ತಿ ತುಂಡು ಉಜ್ಜಿ, ಸಲೀಸಾಗಿ ಓಡುತ್ತದೆ. ಕಿತ್ತುಹೋದ ಪ್ರೆಸ್ ಬಟನ್‌ಗಳನ್ನು ಸೀಟ್ ಹೊಲಿಯುವ ಅಂಗಡಿಯಲ್ಲಿ ಹಾಕಿಸಿ. ಖರ್ಚು ಕಡಿಮೆ. ಆದರೆ ಒಂದು ಬಟನ್ ಇಲ್ಲದ್ದು ಕಂಡರೂ ಗಿರಾಕಿ ಇಡೀ ಟಾಪ್ ಹಳತು ಅಂತ ಚೌಕಾಸಿಗೆ ಇಳಿಯುತ್ತಾನೆ.

ಟಾಪ್ ಪೂರ್ತಿ ಹೋಗಿದ್ದರೆ ಮಾರುವ ಮೊದಲು ಹೊಸದು ಹೊಲಿಸಬೇಕಾ? ನನ್ನ ಪ್ರಕಾರ ಬೇಡ. ಕೊಳ್ಳುವವನಿಗೆ ಅವನದೇ ಬಣ್ಣ, ಅವನದೇ ರುಚಿ ಇರುತ್ತದೆ. ಹೊಲಿಗೆಯ ದರ ವಿಚಾರಿಸಿ, ಅಷ್ಟನ್ನು ಬೆಲೆಯಲ್ಲಿ ಬಿಟ್ಟುಬಿಡಿ. ಕಬ್ಬಿಣದ ಕಮಾನುಗಳು ಮಾತ್ರ ನೆಟ್ಟಗಿರಲಿ. ಅವು ಸೊಟ್ಟಗಿದ್ದರೆ ಎಂಥಾ ಟಾಪ್ ಹಾಕಿದರೂ ನಡುವೆ ನೀರು ನಿಲ್ಲುತ್ತದೆ.

ಜಾಹೀರಾತಿಗೆ ಒಳ್ಳೇ ಕಾಲ ದೀಪಾವಳಿ ಕಳೆದ ಮೇಲೆ. ಮಳೆ ಬಿಟ್ಟಿರುತ್ತದೆ, ಜನಕ್ಕೆ ಡಿಸೆಂಬರ್ ಪ್ರವಾಸದ ಆಸೆ ಹತ್ತಿರುತ್ತದೆ. ಜುಲೈನಲ್ಲಿ ತೆರೆದ ಗಾಡಿ ಯಾರಿಗೆ ಬೇಕು ಹೇಳಿ? ಫೋಟೋ ಬೆಳಗಿನ ಬಿಸಿಲಲ್ಲಿ ತೆಗೆಯಿರಿ. ಟಾಪ್ ಹಾಕಿದ್ದು, ಬಿಚ್ಚಿದ್ದು, ಮ್ಯಾಟ್ ಎತ್ತಿದ ತಳ, ಕೆಳಗಿಂದ ಚಾಸಿ, ಓಡೋಮೀಟರ್ ಎಲ್ಲ ಇರಲಿ. ಬರಹದಲ್ಲಿ 'ಶೋರೂಂ ಕಂಡೀಷನ್' ಅನ್ನಬೇಡಿ. ಜಿಪ್ಸಿ ಹುಚ್ಚಿನವರು ಕೇಳುವುದು ಬೇರೆಯೇ. ಕಾರ್ಬ್ಯುರೇಟರ್ ಗಾಡಿಯಾ, ಎಂಪಿಎಫ್‌ಐ ಆ? ಮೊದಲಿನಿಂದ ಕರ್ನಾಟಕದ್ದಾ, ಹೊರ ರಾಜ್ಯದಿಂದ ಬಂದದ್ದಾ? ಮಿಲಿಟರಿ ಹರಾಜಿನದ್ದಾ? ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು? ಆರ್‌ಸಿ ಎಲ್ಲಿಯವರೆಗೆ ಜೀವ ಇದೆ? ಇವಕ್ಕೆಲ್ಲ ಅಲ್ಲೇ ಉತ್ತರ ಬರೆದರೆ ಸುಮ್ನೆ ಫೋನ್ ಮಾಡುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಬೆಲೆಗೆ ಇನ್ಶೂರೆನ್ಸ್‌ನ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ನೋಡಬೇಡಿ. ಐದು ವರ್ಷ ದಾಟಿದ ಗಾಡಿಗೆ ಅದು ಕಂಪನಿ ಮತ್ತು ನೀವು ಒಪ್ಪಿಕೊಂಡ ಅಂಕಿ ಅಷ್ಟೇ. ಸೆಕೆಂಡ್ ಹ್ಯಾಂಡ್ ಡೀಲರ್‌ಗಳು ಇಸವಿ ನೋಡಿ ಬೆಲೆ ಕಟ್ಟುತ್ತಾರೆ. ಒಬ್ಬರಂತೂ ನನ್ನ ಗಾಡಿಯ ಬಾನೆಟ್ ಕೂಡ ತೆಗೆಸದೆ ರೇಟ್ ಹೇಳಿದರು. ಹೊಸ ಜಿಪ್ಸಿ ಶೋರೂಂನಲ್ಲಿ ಸಿಗುವುದು ನಿಂತೇ ಹೋಗಿದೆ. ಚೆನ್ನಾಗಿಟ್ಟ ಹಳತಕ್ಕೆ ಇಷ್ಟಪಟ್ಟು ಬರುವವರೇ ಜಾಸ್ತಿ ಕೊಡುತ್ತಾರೆ. ಅವರಿಗಾಗಿ ಕಾಯಿರಿ.

ಗಿರಾಕಿ ಬಂದಾಗ ನಾನು ಮೊದಲು ಮಾಡುವ ಕೆಲಸ: ಟಾಪ್ ಹಾಕಿ, ಅವರನ್ನು ಒಳಗೆ ಕೂರಿಸಿ, ಕಾಫಿ ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು ಗಾಡಿಯ ಮೇಲೆ ನೀರು ಬಿಡುತ್ತೇನೆ. ಎರಡು ಹನಿ ಬಾಗಿಲ ಸಂದಿಯಲ್ಲಿ ಬಂದೇ ಬರುತ್ತದೆ. 'ಇಲ್ಲಿ ಬರುತ್ತದೆ, ನೋಡಿ' ಅಂತ ನಾವೇ ತೋರಿಸಿದರೆ ಮುಖದ ಮೇಲಿನ ಅನುಮಾನ ಇಳಿಯುತ್ತದೆ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮುಂದಿನ ಚಕ್ರಗಳ ಹಬ್ ಲಾಕ್ ಮಾಡಿ, ಮಣ್ಣಿನ ಏರಿನಲ್ಲಿ ನಾಲ್ಕೂ ಚಕ್ರ ಎಳೆಯುವ ಫೋರ್ ಹೈ, ನಿಂತು ಫೋರ್ ಲೋ ಹಾಕಿ ತೋರಿಸಿ. ಗಟ್ಟಿ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆಯಲು ಬಿಡಬೇಡಿ. ಟೆಸ್ಟ್ ಡ್ರೈವ್‌ಗೆ ಮೊದಲು ಲೈಸೆನ್ಸ್ ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲಿ ನೀವೇ ಕೂತುಕೊಳ್ಳಿ.

ಗಾಡಿ ನೋಡದೆಯೇ 'ಅಡ್ವಾನ್ಸ್ ಹಾಕ್ತೀನಿ, ಈ ಕ್ಯುಆರ್ ಸ್ಕ್ಯಾನ್ ಮಾಡಿ' ಅನ್ನುವವರ ಫೋನ್ ಅಲ್ಲೇ ಇಟ್ಟುಬಿಡಿ. ಮಿಲಿಟರಿಯಲ್ಲಿದ್ದೇನೆ ಅಂತ ಐಡಿ ಕಾರ್ಡ್ ಫೋಟೋ ಕಳಿಸುವುದು ಹಳೇ ಆಟ. ದುಡ್ಡು ಬರುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ನಗದಾಗಿ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬ್ಯಾಂಕಿನಲ್ಲೇ ಬರಲಿ.

ಕಾಗದದ ಕೆಲಸವನ್ನು ಜಾಹೀರಾತಿಗೆ ಮೊದಲೇ ಮುಗಿಸಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಅದು ಮುಗಿದಿದ್ದರೆ ಮಾಡಿಸಿಯೇ ಮಾರಿ, ಹೊಸಬರಿಗೆ ಆ ತಲೆನೋವು ಬೇಡ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಎಮಿಷನ್ ಸರ್ಟಿಫಿಕೇಟ್, ಬಾಕಿ ದಂಡ ಎಲ್ಲ ಸರಿ ಮಾಡಿಕೊಳ್ಳಿ. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು, ಫಾರಂ 35 ಕೊಟ್ಟು ತೆಗೆಸಿ. ಆರ್‌ಸಿಯಲ್ಲಿ ಬಾಡಿ ಏನೆಂದು ಇದೆ ಅಂತಲೂ ಓದಿ. ಸಾಫ್ಟ್‌ಟಾಪ್ ಅಂತಿರುವ ಗಾಡಿಗೆ ಹಾರ್ಡ್‌ಟಾಪ್ ಕೂರಿಸಿದ್ದರೆ ಆರ್‌ಟಿಒ ಇನ್‌ಸ್ಪೆಕ್ಟರ್ ಕೇಳುತ್ತಾರೆ. ಚಾಸಿ ನಂಬರ್ ಮೇಲಿನ ತುಕ್ಕನ್ನು ಹುಷಾರಾಗಿ ತೆಗೆಯಿರಿ, ಕಾಗದ ಇಟ್ಟು ಉಜ್ಜಿ ತೆಗೆಯುವ ಪೆನ್ಸಿಲ್ ಅಚ್ಚು ಸ್ಪಷ್ಟವಾಗಿ ಬರಬೇಕು.

ಮಾರಾಟಕ್ಕೆ ಫಾರಂ 29 ಮತ್ತು 30. ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿಯೂ (ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಬೇಕು. ಖಾಲಿ ಫಾರಂಗೆ ಸಹಿ ಹಾಕಿ 'ಆಮೇಲೆ ಮಾಡಿಸ್ಕೊಳ್ಳಿ' ಅಂತ ಮಾತ್ರ ಕೊಡಬೇಡಿ. ಹೆಸರು ಬದಲಾಗುವ ತನಕ ಅಪಘಾತ ಆದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೊಂಡವರ ಜೊತೆ ನೀವೇ ಆರ್‌ಟಿಒಗೆ ಹೋಗಿ ಬನ್ನಿ.

ಗಾಡಿ ಕೊಡುವಾಗ ಹಳೇ ಟಾಪ್, ಸೈಡ್ ಪರದೆಗಳು, ಎರಡನೇ ಕೀ, ಜಾಕ್, ಬಿಲ್ಲುಗಳ ಫೈಲ್ ಎಲ್ಲ ಕೊಟ್ಟುಬಿಡಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮ್ಮದು, ಗಾಡಿಯದಲ್ಲ. ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಇನ್ನೊಂದು ಗಾಡಿಗೆ ಬಳಸಬಹುದು. ಫಾಸ್ಟ್‌ಟ್ಯಾಗ್ ಅಂದೇ ಬಂದ್ ಮಾಡಿಸಿ. ಇಲ್ಲಾಂದ್ರೆ ಅವರು ಖುಷಿಯಲ್ಲಿ ಮಂಗಳೂರಿಗೆ ಹೊರಟಾಗ ಬ್ರಹ್ಮರಕೂಟ್ಲು ಟೋಲ್‌ನಲ್ಲಿ ನಿಮ್ಮ ದುಡ್ಡು ಕಟ್ ಆಗುತ್ತದೆ.