ಬಾಡಿಗೆ ಚೀಟಿ ಬಿಸಾಡಬೇಡಿ: ವಿದ್ಯಾಸಿರಿ ನೆರವಿಗೆ ಫೈಲು ಜೋಡಿಸುವುದು ಹೇಗೆ?

ಜೂನ್ ಬಂತೆಂದರೆ ಧಾರವಾಡದ ಸಪ್ತಾಪುರದ ಗಲ್ಲಿಗಳಲ್ಲಿ ಗಾದಿ, ಬಕೆಟ್ಟು, ಪುಸ್ತಕದ ಚೀಲ ಹೊತ್ತ ಹುಡುಗರು ರೂಮು ಹುಡುಕುತ್ತ ಅಲೆಯುತ್ತಿರುತ್ತಾರೆ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಎಂದ ಮೇಲೆ ರೂಮೇ ಗತಿ. ಡಿಪಾಜಿಟ್ಟು, ಮೊದಲ ತಿಂಗಳ ಬಾಡಿಗೆ, ಖಾನಾವಳಿಯ ಮುಂಗಡ ಎಲ್ಲವನ್ನೂ ಒಂದೇ ವಾರದಲ್ಲಿ ಎಣಿಸಿ ಕೊಡಬೇಕು. ಊರಲ್ಲಿ ಅಪ್ಪನ ಹೆಸರು ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ.

ಇಂಥ ಮಕ್ಕಳಿಗೆಂದೇ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ‘ವಿದ್ಯಾಸಿರಿ’ ಊಟ ಮತ್ತು ವಸತಿ ಸಹಾಯ ಯೋಜನೆ ಇದೆ. 2013-14ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದ 10 ತಿಂಗಳಿಗೆ 15,000 ರೂಪಾಯಿ ಎಂದು ಇದು ಶುರುವಾಯಿತು. ಮೆಟ್ರಿಕ್ ನಂತರ ಓದುತ್ತಿದ್ದು ಹಾಸ್ಟೆಲ್‌ನಲ್ಲಿ ಜಾಗ ಸಿಗದವರು, ಊರು ಬಿಟ್ಟು ಬಂದು ಬೇರೆ ಕಡೆ ಉಳಿದುಕೊಂಡವರು ಇದರ ಫಲಾನುಭವಿಗಳು. ಕಾಲೇಜು ಇರುವ ಊರಿನಲ್ಲೇ ಸ್ವಂತ ಮನೆಯಿರುವವರಿಗೆ ಇದು ಅನ್ವಯಿಸುವುದಿಲ್ಲ. ಈ ವರ್ಷದ ಮೊತ್ತ, ನಿಮ್ಮ ಪ್ರವರ್ಗದ ಆದಾಯ ಮಿತಿ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಹೋದ ವರ್ಷ ಅಣ್ಣನಿಗೆ ಎಷ್ಟು ಬಂತು ಎಂಬುದನ್ನು ನಂಬಿ ಕೂರಬೇಡಿ.

ನಮ್ಮ ಕಾಲೇಜಿನ ವಿದ್ಯಾರ್ಥಿವೇತನದ ಕೆಲಸವನ್ನು ಹಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅರ್ಹತೆ ಇದ್ದೂ ಹಣ ತಪ್ಪಿಸಿಕೊಂಡ ಮಕ್ಕಳನ್ನು ನೋಡಿ ಹೊಟ್ಟೆ ಉರಿದಿದೆ. ಬಾಡಿಗೆ ಜೂನ್‌ನಲ್ಲೇ ಹೋಗುತ್ತದೆ, ನೆರವು ಬರುವುದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಒಂದು ಕಾಗದ ಕಳೆದಿರುತ್ತದೆ, ಒಂದು ಹೆಸರು ತಾಳೆಯಾಗಿರುವುದಿಲ್ಲ, ಒಂದು ಬ್ಯಾಂಕ್ ಖಾತೆ ಮುಚ್ಚಿಹೋಗಿರುತ್ತದೆ. ಆದ್ದರಿಂದ ರೂಮಿನ ಕೀಲಿ ಕೈಗೆ ಬಂದ ದಿನವೇ ಇಪ್ಪತ್ತು ರೂಪಾಯಿಯ ಒಂದು ಪ್ಲಾಸ್ಟಿಕ್ ಫೈಲು ಕೊಳ್ಳಿ. ಅದರೊಳಗೆ ಏನೇನು ಹೋಗಬೇಕು ಎಂದು ಹೇಳುತ್ತೇನೆ.

ಮೊದಲು ಹಾಸ್ಟೆಲ್ ಅರ್ಜಿ

ರೂಮು ಸಿಕ್ಕಿತೆಂದು ಹಾಸ್ಟೆಲ್‌ಗೆ ಅರ್ಜಿ ಹಾಕದೇ ಬಿಡುವವರು ಬಹಳ. ಅಲ್ಲೇ ಎಡವುತ್ತಾರೆ. ವಿದ್ಯಾಸಿರಿ ಇರುವುದೇ ಹಾಸ್ಟೆಲ್ ಪ್ರವೇಶ ಸಿಗದವರಿಗಾಗಿ. ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಪ್ರಿಂಟ್ ತೆಗೆದು ಫೈಲಿನ ಮೊದಲ ಹಾಳೆಯಾಗಿ ಇಡಿ. ಆಯ್ಕೆ ಪಟ್ಟಿ ಬಂದಾಗ ನಿಮ್ಮ ಹೆಸರು ಇಲ್ಲದಿದ್ದರೆ ಆ ಪಟ್ಟಿಯದೂ ಒಂದು ಪ್ರತಿ ಇರಲಿ. ವರ್ಷದ ನಡುವೆ ಹಾಸ್ಟೆಲ್ ಸೀಟು ಸಿಕ್ಕರೆ ಸಂತೋಷದಿಂದ ಹೋಗಿ, ಆದರೆ ಕಾಲೇಜಿಗೂ ಇಲಾಖೆಗೂ ಬರೆದು ತಿಳಿಸಿ. ಹಾಸ್ಟೆಲ್ ಊಟ, ರೂಮಿನ ನೆರವು ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಇನ್ನೊಬ್ಬರ ಪಾಲು ಅದು.

ಎಲ್ಲ ಕಾಗದದಲ್ಲೂ ಒಂದೇ ಹೆಸರು

ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಮಕ್ಕಳು ‘ಎಸ್‌ಎಸ್‌ಪಿ’ ಎನ್ನುವ ಪೋರ್ಟಲ್‌ನಲ್ಲಿ. ಅದು ನಿಮ್ಮನ್ನು ಗುರುತಿಸುವುದು ಆಧಾರ್ ಮೂಲಕ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರೂ ಮನೆತನದ ಹೆಸರೂ ಸೇರಿ ಉದ್ದಕ್ಕೆ ಇರುತ್ತದೆ, ಆಧಾರ್‌ನಲ್ಲಿ ಬರೀ ಹೆಸರು ಮತ್ತು ಒಂದು ಇನಿಷಿಯಲ್ ಇರುತ್ತದೆ, ಜಾತಿ ಪ್ರಮಾಣಪತ್ರದಲ್ಲಿ ಮೂರನೆಯದೇ ರೂಪ. ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಆಧಾರ್ ಕೇಂದ್ರಕ್ಕೆ ಈಗಲೇ ಹೋಗಿ. ಕೊನೆಯ ವಾರದಲ್ಲಿ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತದೆ. ಅದರ ಮೇಲಿನ ‘ಆರ್‌ಡಿ’ ಸಂಖ್ಯೆಯೇ ಪೋರ್ಟಲ್‌ಗೆ ಬೇಕಾದದ್ದು. ಅದನ್ನು ಹಾಕಿದರೆ ವಿವರ ತಾನೇ ತೆರೆದುಕೊಳ್ಳುತ್ತದೆ. ಆದಾಯದ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹತ್ತನೇ ತರಗತಿ ಸೇರುವಾಗ ಮಾಡಿಸಿದ್ದು ಡಿಗ್ರಿಯ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಇದನ್ನು ಯಾರೂ ನೆನಪಿಸುವುದಿಲ್ಲ, ಅರ್ಜಿ ತಿರಸ್ಕೃತವಾದಾಗಲೇ ಗೊತ್ತಾಗುವುದು. ಮುಗಿಯುವ ದಿನಾಂಕವನ್ನು ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ. ಹೊಸದಕ್ಕೆ ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಗಳ ಸಕಾಲ ಸಂಖ್ಯೆಯ ಚೀಟಿಯನ್ನೂ ಜೋಪಾನ ಮಾಡಿ. ತಡವಾದರೆ ಕೇಳುವ ಹಕ್ಕು ಆ ಚೀಟಿಯಲ್ಲಿದೆ.

ಆಮೇಲೆ ಇ-ದೃಢೀಕರಣ. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರದಂಥವುಗಳ ಮೂಲಪ್ರತಿ ಹಿಡಿದು ಅದಕ್ಕೆ ನೇಮಕವಾದ ಅಧಿಕಾರಿಯ ಬಳಿ ಹೋದರೆ, ಅವರು ಪರಿಶೀಲಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುತ್ತಾರೆ. ಜೆರಾಕ್ಸ್ ಪ್ರತಿಯ ಮೂಲೆಯಲ್ಲೇ ಆ ಸಂಖ್ಯೆ ಬರೆದುಕೊಳ್ಳಿ. ಅರ್ಜಿ ಸಲ್ಲಿಸಿದ ಮೇಲೆ ಬರುವ ಪಿಡಿಎಫ್ ಫೋನಿನಲ್ಲಿದೆ ಎಂದು ಸುಮ್ಮನಾಗಬೇಡಿ. ಫೋನು ನೀರಿಗೆ ಬೀಳುತ್ತದೆ, ಕಳೆಯುತ್ತದೆ. ಎರಡು ಪ್ರಿಂಟ್ ತೆಗೆಸಿ, ಒಂದು ಕಾಲೇಜಿಗೆ, ಒಂದು ಫೈಲಿಗೆ.

ಮೂವರ ರೂಮು, ಒಬ್ಬನ ಹೆಸರು

ಈ ನೆರವು ನಿಗದಿತ ಮೊತ್ತ. ನೀವು ಎಷ್ಟು ಬಾಡಿಗೆ ಕೊಡುತ್ತೀರಿ ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುವುದಿಲ್ಲ. ಹಾಗಾದರೆ ಬಾಡಿಗೆ ಚೀಟಿ ಏಕೆ? ನೀವು ನಿಜವಾಗಿ ಊರು ಬಿಟ್ಟು ಬಂದು ಹೊರಗೆ ಉಳಿದಿದ್ದೀರಿ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ. ಯಾರಾದರೂ ತಕರಾರು ತೆಗೆದಾಗ, ಅಧಿಕಾರಿಗಳು ಪರಿಶೀಲನೆಗೆ ಕೂತಾಗ, ಬಾಯಿಮಾತಿಗಿಂತ ಹತ್ತು ತಿಂಗಳ ಹತ್ತು ಚೀಟಿ ಮಾತಾಡುತ್ತವೆ.

ಸಾಮಾನ್ಯವಾಗಿ ಮೂವರು ಸೇರಿ ಒಂದು ರೂಮು ಹಿಡಿಯುತ್ತಾರೆ, ಕರಾರು ಪತ್ರ ಮಾಡಿಸಿದರೆ ಒಬ್ಬನ ಹೆಸರಲ್ಲಿ. ಉಳಿದಿಬ್ಬರು ಕಾಗದದ ಮೇಲೆ ಆ ರೂಮಿನಲ್ಲಿ ಇಲ್ಲವೇ ಇಲ್ಲ. ಮೂವರ ಹೆಸರನ್ನೂ ಬರೆಸಿ. ಕರಾರು 11 ತಿಂಗಳಿಗೆ ಮಾಡುವುದು ರೂಢಿ, ವರ್ಷ ಮೀರಿದ ಗೇಣಿ-ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ. ಹತ್ತು ತಿಂಗಳ ಶೈಕ್ಷಣಿಕ ವರ್ಷಕ್ಕೆ ಅಷ್ಟು ಸಾಕು. ಇ-ಸ್ಟಾಂಪ್ ಕಾಗದದ ಮೇಲೆ ಮನೆಯ ಪೂರ್ತಿ ವಿಳಾಸ, ಬಾಡಿಗೆ, ಡಿಪಾಜಿಟ್, ಕರೆಂಟ್ ಬಿಲ್ ಯಾರದು ಎಂಬುದು ಸ್ಪಷ್ಟ ಇರಲಿ.

ಎಷ್ಟೋ ಮನೆ ಮಾಲೀಕರು ಕರಾರು ಬೇಡ ಎನ್ನುತ್ತಾರೆ. ಜಗಳ ಬೇಡ. ಒಂದು ನೂರು ಪುಟದ ನೋಟುಬುಕ್ ತೆಗೆದುಕೊಂಡು ತಿಂಗಳಿಗೊಂದು ಪುಟದಂತೆ ನೀವೇ ಬರೆದು, ದುಡ್ಡು ಕೊಡುವಾಗ ಸಹಿ ಕೇಳಿ. ನಾನು ಮಕ್ಕಳಿಗೆ ಬರೆಸುವ ಒಕ್ಕಣೆ ಇಷ್ಟೇ:

“ಧಾರವಾಡ, ಜುಲೈ 5. ನಮ್ಮ ಮನೆಯ ಮಹಡಿ ಮೇಲಿನ ರೂಮಿನ ಜುಲೈ ತಿಂಗಳ ಬಾಡಿಗೆ 6,000 ರೂಪಾಯಿಯಲ್ಲಿ ಇವರ ಪಾಲಿನ 2,000 ರೂಪಾಯಿ ನಗದಾಗಿ ಮುಟ್ಟಿದೆ.”

ಕೆಳಗೆ ವಿದ್ಯಾರ್ಥಿಯ ಹೆಸರು, ಮಾಲೀಕರ ಹೆಸರು, ಸಹಿ. ‘ಮುಟ್ಟಿದೆ’ ಎಂಬ ಒಂದು ಮಾತಿಗೆ ಹಿರಿಯರು ಸಹಿ ಹಾಕಲು ಹಿಂಜರಿಯುವುದಿಲ್ಲ, ಕಿರಾಣಿ ಅಂಗಡಿಯ ಕಾಲದಿಂದ ಅವರಿಗೆ ಪರಿಚಯವಿರುವ ಮಾತು. ಮೂವರದ್ದೂ ಸೇರಿಸಿ 5,000 ರೂಪಾಯಿ ಮೀರಿದ ಮೊತ್ತಕ್ಕೆ ಒಂದೇ ರಸೀದಿ ಬರೆಸುವುದಾದರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿ.

ಫೋನ್ ಪೇ, ಗೂಗಲ್ ಪೇಯಲ್ಲಿ ಕೊಡುವವರು ಟಿಪ್ಪಣಿಯ ಜಾಗದಲ್ಲಿ ‘ಜುಲೈ ಬಾಡಿಗೆ’ ಎಂದು ಬರೆಯಲು ಮರೆಯಬೇಡಿ. ಬರೆಯದಿದ್ದರೆ ಅದು ಬರೀ ಎರಡು ಸಾವಿರ ಹೋದ ಲೆಕ್ಕ, ಬಾಡಿಗೆಯ ಲೆಕ್ಕವಲ್ಲ. ಗೆಳೆಯನ ಫೋನಿನಿಂದ ಮೂವರದ್ದೂ ಕಳಿಸುವ ಅಭ್ಯಾಸ ಬಿಡಿ. ಖಾನಾವಳಿಯ ತಿಂಗಳ ಕಾರ್ಡು ಸಹ ಎಸೆಯಬೇಡಿ. ದಿನಕ್ಕೆರಡು ಗೆರೆ ಎಳೆದ ಆ ಎಣ್ಣೆ ಜಿಡ್ಡಿನ ಕಾರ್ಡು ನೀವು ಆ ತಿಂಗಳು ಧಾರವಾಡದಲ್ಲಿ ಉಂಡಿದ್ದೀರಿ ಎಂದು ಹೇಳುತ್ತದೆ. ಊಟ ಮತ್ತು ವಸತಿ ಎರಡಕ್ಕೂ ಸೇರಿದ ನೆರವು ಇದು.

ಹಾಜರಾತಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೂಮಿದ್ದೂ ತರಗತಿಗೆ ಬಾರದವರ ಅರ್ಜಿಯನ್ನು ಕಾಲೇಜು ಮುಂದಕ್ಕೆ ಕಳಿಸುವುದು ಕಷ್ಟ.

‘ಲಿಂಕ್ ಆಗೇತ್ರಿ ಸರ್’

ನಾನು ಅತಿ ಹೆಚ್ಚು ಕೇಳುವ ಮಾತು ಇದು, ಅತಿ ಹೆಚ್ಚು ಹಣ ನಿಲ್ಲುವುದೂ ಇಲ್ಲೇ.

ರೋಣ ತಾಲ್ಲೂಕಿನ ಒಬ್ಬ ಬಿ.ಕಾಂ. ಹುಡುಗ ಒಂದು ದಿನ ಪಾಸ್‌ಬುಕ್ ಹಿಡಿದು ಬಂದ. ಪೋರ್ಟಲ್‌ನಲ್ಲಿ ಹಣ ಸಂದಾಯವಾಗಿದೆ ಎಂದಿದೆ, ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಇಲ್ಲ. “ಆಧಾರ್ ಲಿಂಕ್ ಆಗೇತ್ರಿ ಸರ್, ಬ್ಯಾಂಕ್‌ನ್ಯಾಗ ಹೇಳ್ಯಾರ” ಎಂದ. ಅವನು ಹೇಳಿದ್ದೂ ಸರಿ, ಬ್ಯಾಂಕಿನವರು ಹೇಳಿದ್ದೂ ಸರಿ. ಆದರೆ ಅವರಿಬ್ಬರೂ ಬೇರೆ ಬೇರೆ ಮಾತಾಡುತ್ತಿದ್ದರು. ಖಾತೆಯ ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆ, ಆಧಾರ್ ಪ್ರತಿ ಕೊಡುವುದು ಒಂದು. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಬ್ಯಾಂಕಿನ ಹೆಸರು ದಾಖಲಿಸುವುದು ಇನ್ನೊಂದು. ಇದಕ್ಕೆ ‘ಸೀಡಿಂಗ್’ ಎನ್ನುತ್ತಾರೆ. ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿ, ನೋಡುವುದು ಈ ಎರಡನೆಯದನ್ನು ಮಾತ್ರ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು, ಕಡೆಯದಾಗಿ ಸೀಡ್ ಆದದ್ದೇ ಲೆಕ್ಕ. ನೀವು ಅರ್ಜಿಯ ಜತೆ ಯಾವ ಪಾಸ್‌ಬುಕ್ ಪ್ರತಿ ಕೊಟ್ಟಿರಿ ಎಂಬುದು ಅಲ್ಲಿ ನಡೆಯುವುದಿಲ್ಲ.

ಆ ಹುಡುಗನ ಫೋನ್ ತೆಗೆಸಿ ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆದೆವು. ಆಧಾರ್ ಸಂಖ್ಯೆ, ಒಟಿಪಿ, ನಾಲ್ಕಂಕಿಯ ಗುಪ್ತಸಂಖ್ಯೆ. ಪಾವತಿ ವಿವರದಲ್ಲಿ ಯೋಜನೆಯ ಹೆಸರು, ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಎಲ್ಲ ಇತ್ತು, ಬ್ಯಾಂಕು ಮಾತ್ರ ಬೇರೆ. ಅವನು ಅರ್ಧ ನಿಮಿಷ ಸುಮ್ಮನೆ ನೋಡಿದ. ಎರಡು ವರ್ಷದ ಹಿಂದೆ ಸಿಮ್ ಕೊಳ್ಳುವಾಗ ಮೊಬೈಲ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದಿದ್ದ ಖಾತೆ ಅದು. ಅವನಿಗೆ ಅದರ ನೆನಪೇ ಇರಲಿಲ್ಲ. ಹಣ ಅಲ್ಲಿ ತಣ್ಣಗೆ ಕೂತಿತ್ತು. ಅವನ ಅವ್ವ ಆ ಬಾಡಿಗೆಗೆಂದು ಸಂಘದಲ್ಲಿ ಸಾಲ ತೆಗೆದಿದ್ದಳು.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೋ ಈ ಆ್ಯಪ್‌ನಲ್ಲೋ ಸೀಡಿಂಗ್ ಸ್ಥಿತಿ ನೋಡಿ, ಆ ಪರದೆಯ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಬೇಕಾದ ಬ್ಯಾಂಕು ಅಲ್ಲದಿದ್ದರೆ ನಿಮ್ಮ ಶಾಖೆಗೆ ಹೋಗಿ, ‘ಲಿಂಕ್ ಮಾಡಿ’ ಎನ್ನದೆ ‘ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಅರ್ಜಿ ಕೊಡಿ’ ಎಂದೇ ಕೇಳಿ. ತುಂಬಿದ ಅರ್ಜಿಯ ಜೆರಾಕ್ಸ್ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಶಾಲೆಯಲ್ಲಿದ್ದಾಗ ತೆರೆದ ಖಾತೆಯಾದರೆ 18 ತುಂಬಿದ ಮೇಲೆ ಅದನ್ನು ವಯಸ್ಕರ ಖಾತೆಯಾಗಿ ಬದಲಿಸಿ ಹೊಸ ಕೆವೈಸಿ ಕೊಟ್ಟಿದ್ದೀರಾ ನೋಡಿ. ಎರಡು ವರ್ಷ ವ್ಯವಹಾರ ನಡೆಸದ ಖಾತೆ ನಿಷ್ಕ್ರಿಯವಾಗುತ್ತದೆ, ಆಗಾಗ ನೂರು ರೂಪಾಯಿ ಹಾಕಿ ತೆಗೆಯುತ್ತಿರಿ.

ಹಣ ಬಂದಾಗ, ಬಾರದಿದ್ದಾಗ

ಬಂದ ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ವಿದ್ಯಾಸಿರಿ, ಇಂಥ ವರ್ಷದ್ದು’ ಎಂದು ಬರೆಯಿರಿ. ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ವಿದ್ಯಾಸಿರಿ ಒಂದರ ಹಿಂದೊಂದು ಬಂದಾಗ ಯಾವುದು ಯಾವುದೆಂದು ಆರು ತಿಂಗಳ ಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಯುಟಿಆರ್ ಸಂಖ್ಯೆಯನ್ನು ಬಾಡಿಗೆ ನೋಟುಬುಕ್ಕಿನ ಕೊನೆಯ ಪುಟಕ್ಕೆ ಇಳಿಸಿಕೊಳ್ಳಿ.

ಬಾರದಿದ್ದರೆ ಮೊದಲು ಅರ್ಜಿ ಎಲ್ಲಿ ನಿಂತಿದೆ ನೋಡಿ: ಕಾಲೇಜಿನಲ್ಲೇ, ಇಲಾಖೆಯಲ್ಲೇ, ಮಂಜೂರಾಗಿ ಪಾವತಿಯಲ್ಲೇ? ಕಾಲೇಜಿನಲ್ಲಾದರೆ ನಮ್ಮಂಥವರನ್ನು ಬೆನ್ನು ಹತ್ತಿ. ಇಲಾಖೆಯಲ್ಲಾದರೆ ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿ ಕಚೇರಿಗೆ ಫೈಲಿನ ಸಮೇತ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ, ಎರಡು ಪ್ರತಿ ಬರೆದು ಒಂದಕ್ಕೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿ ತನ್ನಿ. ನಂತರವೂ ಅಲುಗಾಡದಿದ್ದರೆ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ.

ಕಡೆಗೆ ಉಳಿಯುವುದು 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕಷ್ಟ ಸುಖ ಬರೆಯಲು ಅಲ್ಲಿ ಜಾಗವಿಲ್ಲ, ನೇರವಾಗಿ ಕೇಳಿ: “ನನ್ನ ಅರ್ಜಿ ಸಂಖ್ಯೆ ಇಷ್ಟು. ಇದು ಮಂಜೂರಾಗಿದೆಯೇ? ಆಗಿದ್ದರೆ ಯಾವ ದಿನಾಂಕದಂದು, ಎಷ್ಟು ಮೊತ್ತ, ಯಾವ ಬ್ಯಾಂಕಿಗೆ, ಯಾವ ಯುಟಿಆರ್ ಸಂಖ್ಯೆಯಲ್ಲಿ ಪಾವತಿಯಾಗಿದೆ? ತಿರಸ್ಕೃತವಾಗಿದ್ದರೆ ಕಾರಣ ದಾಖಲಿಸಿದ ಹಾಳೆಯ ಪ್ರತಿ ಕೊಡಿ.” ಈ ಅರ್ಜಿಯದೂ ಒಂದು ಜೆರಾಕ್ಸ್ ಫೈಲಿನಲ್ಲಿರಲಿ, ಅಂಚೆ ರಸೀದಿಯನ್ನು ಅದಕ್ಕೇ ಪಿನ್ ಮಾಡಿ.